ನೆಲದ ಗೆರೆ

ಗುನ್ಸಾನ್ ಬಂದರಿನ ವಾರ್ಡು ಕಚೇರಿಯಲ್ಲಿ
ಮೂರನೇ ಕಿಟಕಿ ನನ್ನದು.
ಹೊರಗೆ ಮೆಟ್ಟಿಲ ಬದಿಗೆ ತಕ್ ಉಂಗ್‌ಮೋನ ಮುದ್ರೆಯಂಗಡಿ:
ಒಂದು ಮೇಜು, ಒಂದು ದೀಪ, ಬೆರಳುದ್ದ ಮರದ ತುಂಡುಗಳು.
ಹೆಸರು ಹೇಳಿ ಒಂದು ಸಿಗರೇಟು ಮುಗಿಸುವಷ್ಟರಲ್ಲಿ
ಕನ್ನಡಿಯೊಳಗಿನ ಹಾಗೆ ತಿರುಗಿಸಿ ಕೆತ್ತಿ ಕೊಡುತ್ತಿದ್ದ.
ಯಾವ ಅಕ್ಷರಕ್ಕೂ ಅವನ ಉಳಿ
ನೀನು ಪಟ್ಟಿಯಲ್ಲಿಲ್ಲ ಅಂದದ್ದಿಲ್ಲ.

ಅಂದದ್ದು ನನ್ನ ಕಂಪ್ಯೂಟರು.
ಆಗಷ್ಟೇ ಬಂದಿತ್ತು. ಸಂಜೆ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ
ಮನೆಗೆ ಹೋಗುತ್ತಿದ್ದೆ.
ಅದರ ಹೊಟ್ಟೆಯಲ್ಲಿ ಎರಕ ಹೊಯ್ದಿಟ್ಟಂತೆ
ಎರಡು ಸಾವಿರದ ಮುನ್ನೂರ ಐವತ್ತು ಸಿದ್ಧ ಅಕ್ಷರ.
ಯಾರೋ ರಾಜಧಾನಿಯಲ್ಲಿ ಕೂತು ಎಣಿಸಿದ್ದರು:
ಜನ ಬರೆಯುವುದು ಇಷ್ಟೇ, ಸಾಕು.

ಉಂಗ್‌ಮೋನ ಮಗಳು ನೋಂದಣಿಯ ನಕಲು ಕೇಳಿ ಬಂದಳು.
ಹೆಸರು 설믜. ಹಳೆಯ ಮಾತು, ಅರಿವು ಅಂತ ಅರ್ಥ,
ಅಪ್ಪ ಯಾವುದೋ ಹಾಳೆಯಿಂದ ಹೆಕ್ಕಿ ತಂದದ್ದು.
ಕರೆಯುವಾಗ ಸೊಲ್‌ಮಿ.

ಕೊನೆಯ ಅಕ್ಷರ ನೋಡಿ: 믜.
ಚೌಕ ಒಂದು ಮನೆ ಅಂದುಕೊಳ್ಳಿ.
ಕೆಳಗೆ ಮಲಗಿದ ಗೆರೆ ನೆಲ,
ಪಕ್ಕದಲ್ಲಿ ನಿಂತದ್ದು ಮನುಷ್ಯ.
ನೆಲ, ಮನುಷ್ಯ ಎರಡೂ ಶಾಲೆಯಲ್ಲಿ ಕಲಿಸಿದ್ದೇ.
ಒತ್ತಿದೆ. ಮನೆ ಬಂತು, ನೆಲ ಬಂತು,
ಮನುಷ್ಯ ಹೋಗಿ ಮುಂದಿನ ಖಾನೆಯಲ್ಲಿ
ಬಸ್ಸು ತಪ್ಪಿದವನ ಹಾಗೆ ಒಬ್ಬನೇ ನಿಂತ.
ಅಳಿಸಿ ಮತ್ತೆ ಒತ್ತಿದೆ.
ಯಂತ್ರದ್ದು ಒಂದೇ ಹಟ:
ನೆಲ ಬೇಕಾದರೆ ಮನುಷ್ಯನಿಲ್ಲ,
ಮನುಷ್ಯ ಬೇಕಾದರೆ ನೆಲವಿಲ್ಲ.

ನಾನು ನೆಲ ತೆಗೆದೆ. 미.
ಕಿವಿಗೆ ಎರಡೂ ಒಂದೇ ಅಲ್ಲವೇ, ಅಂದೆ, ಮೆಟ್ಟಿಲಿಳಿದು ಹೋಗಿ.
ಉಂಗ್‌ಮೋ ತಲೆಯೆತ್ತಲಿಲ್ಲ:
'ನಾನು ಕಿವಿಗೆ ಕೆತ್ತುವುದಿಲ್ಲ.'

ಬ್ಯಾಂಕಿನವರು ವಾಪಸು ಕಳಿಸಿದರು.
ಮುದ್ರೆಯಲ್ಲಿ ನೆಲವಿದೆ, ಕಾಗದದಲ್ಲಿಲ್ಲ;
ಇಬ್ಬರೂ ಒಬ್ಬಳೇ ಅನ್ನುವುದಕ್ಕೆ ಏನು ಆಧಾರ?
ನಾನೇ ಆಧಾರ. ಪೆನ್ನಿನಲ್ಲಿ ಬರೆದು, ಕಚೇರಿಯ ಮೊಹರು ಒತ್ತಿ,
ಕಾಲೇಜಿಗೊಮ್ಮೆ, ಕೆಲಸಕ್ಕೊಮ್ಮೆ, ಮದುವೆಗೊಮ್ಮೆ
ಅದೇ ಎರಡು ಸಾಲು.

ಆಮೇಲೆ ಒಂದು ಚಳಿಗಾಲ ಹೊಸ ಪಟ್ಟಿ ಬಂತು.
ಮೊದಲಕ್ಷರ ಹತ್ತೊಂಬತ್ತು, ಸ್ವರ ಇಪ್ಪತ್ತೊಂದು,
ಕೆಳಗೆ ಕೂರುವವು ಇಪ್ಪತ್ತೇಳು,
ಯಾರೂ ಕೂರದ ಮಣೆಯನ್ನೂ ಲೆಕ್ಕಕ್ಕೆ ಹಿಡಿದು ಇಪ್ಪತ್ತೆಂಟು.
ಎಣಿಸಿದವರು ಬಿಟ್ಟದ್ದನ್ನು ಗುಣಿಸಿದವರು ತಂದರು.
ಪೂರ್ತಿ ಗುಣಿತ: ಹನ್ನೊಂದು ಸಾವಿರದ ನೂರ ಎಪ್ಪತ್ತೆರಡು,
ಅದರಲ್ಲಿ ಎಷ್ಟೋ ಯಾವ ಬಾಯಿಯೂ ಆಡದವು,
ಇನ್ನೂ ಯಾರಿಗೂ ಇಡದ ಹೆಸರಿನ ಚೂರುಗಳು.

ಊಟದ ಬಿಡುವಿನಲ್ಲಿ ಪೆನ್ಸಿಲು ಹಿಡಿದು ಕೂತೆ.
ಆರನ್ನು ಇಪ್ಪತ್ತೊಂದರಿಂದ ಗುಣಿಸಿ, ಹತ್ತೊಂಬತ್ತು ಕೂಡಿ,
ಬಂದದ್ದನ್ನು ಇಪ್ಪತ್ತೆಂಟರಿಂದ ಗುಣಿಸಿ
ಮೊದಲ ಮನೆಯ ನಂಬರು ಸೇರಿಸಿದರೆ
ನಲವತ್ತೆಂಟು ಸಾವಿರದ ತೊಂಬತ್ತೆರಡು.
ಎರಡು ಸಲ ತಾಳೆ ನೋಡಿದೆ. ಸಾರು ಆರಿತ್ತು.

ಫೋನು ಮಾಡಿ ಕರೆಸಿದೆ.
ದೋಣಿಯ ಟಿಕೆಟು ಕೌಂಟರಿನಿಂದ ಹಾಗೇ ಬಂದಳು,
ಕೊರಳಲ್ಲಿ ಸಂಸ್ಥೆಯ ಗುರುತುಚೀಟಿ, ಅದರಲ್ಲೂ 미.
ಪ್ರಿಂಟರು ಕಿರ್ರೆಂದಿತು.
ಮನೆ, ನೆಲ, ಮನುಷ್ಯ, ಒಂದೇ ಖಾನೆಯಲ್ಲಿ.
ಬಹಳ ಹೊತ್ತು ನೋಡಿದಳು.
'ಬೇರೆ ಯಾರದೋ ಅನ್ನಿಸುತ್ತದೆ,' ಅಂದಳು.

ಚೀಲದಿಂದ ಅಪ್ಪ ಕೆತ್ತಿದ ಮುದ್ರೆ ತೆಗೆದು
ಕೆಂಪು ಶಾಯಿಗೆ ಅದ್ದಿ, ಉಸಿರು ಬಿಗಿಹಿಡಿದು ಒತ್ತಿದಳು.
ಎತ್ತಿದರೆ: ಮನೆ. ಮನುಷ್ಯ.
ಅಷ್ಟೇ.
ಕೂದಲೆಳೆಯ ಆ ಅಡ್ಡಗೆರೆ
ಇಷ್ಟು ವರ್ಷ ಒತ್ತಿ ಒತ್ತಿ ಯಾವಾಗಲೋ ಚಕ್ಕೆಯೆದ್ದು ಹೋಗಿತ್ತು.

ಮೊದಲು ನಕ್ಕವಳು ಅವಳು.
ಕೆಳಗೆ ಮುದುಕನ ದೀಪ ಉರಿಯುತ್ತಿತ್ತು.
'ಅವರಿಗೆ ಹೇಳಬೇಡಿ,' ಅಂದಳು.

ನಿಯಮದ ಪ್ರಕಾರ ನಾನು
ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಕಿತ್ತು.
ಕನ್ನಡಕ ತೆಗೆದು ಒರೆಸುತ್ತ
ತಾಳೆಯಾಗಿದೆ ಎಂದು ಬರೆದೆ.