ತಕರಾರು ಸೀಮೆ

ಕೋಟೆ ಗೋಡೆ ಬಿರಿದ ಆ ರಾತ್ರಿ
ತಿಂಗಳಿಗೆ ಮೋಡ ಅಡ್ಡ ಬಂತೆನ್ನುತ್ತಾರೆ ತರಗುಪೇಟೆಯವರು.
ಇಲ್ಲ, ಕುಂಪಣಿಯ ಏಣಿ ಒಂದು ಮೊಳ ಗಿಡ್ಡವಾಯಿತೆಂದು ಬಳೇಪೇಟೆ.
ನಮ್ಮಪ್ಪ ಬಿರುಕಿಗೆ ಮಣ್ಣು ಹೊತ್ತನಂತೆ, ಬೆಳಗಿನವರೆಗೆ.
ಈ ಊರಲ್ಲಿ ಎಲ್ಲರ ಅಪ್ಪಂದಿರೂ ಹೊತ್ತವರೇ.
ಅಷ್ಟು ಮಣ್ಣು ನಿಜವಾಗಿದ್ದರೆ
ಬೆಂಗಳೂರ ಕೋಟೆ ಇಷ್ಟೊತ್ತಿಗೆ ಮುಗಿಲು ಮುಟ್ಟಬೇಕಿತ್ತು.

ಅಂತೂ ಅವರು ಸೋತರು.
ನಲವತ್ತು ವರ್ಷದಿಂದ ದಿಲ್ಲಿ ಬಾಗಿಲಲ್ಲಿ ನಮ್ಮದೇ ನಗಾರಿ.
ಸತ್ತ ಗೋರಾಗಳಿಗೆ ಕಂಬ ನಿಲ್ಲಿಸುವವರಿಲ್ಲ,
ಅವರ ಮೂಳೆಯ ಮೇಲೆ ಕುಂಬಾರರು ಆವಿಗೆ ಹೂಡಿದ್ದಾರೆ.
ಹಲಸೂರಿನಾಚೆಯ ಬಯಲಲ್ಲಿ ಹುರುಳಿ, ಮೇಯುವ ಕುರಿ;
ಅಲ್ಲಿ ಯಾರ ದಂಡೂ ಡೇರೆ ಹೊಡೆಯಲಿಲ್ಲ,
ಯಾರ ಕುದುರೆಗೂ ನೆಟ್ಟನೆಯ ಬೀದಿ ಬೇಕಾಗಲಿಲ್ಲ.

ನಾನು ತೋಪಯ್ಯ, ನಕ್ಷೆ ದಫ್ತರದ ಬಣ್ಣಗಾರ.
ಅಳಿಲ ಬಾಲದ ಕುಂಚ, ಮೂರು ಚಿಪ್ಪು:
ಸರ್ಕಾರಕ್ಕೆ ಜಂಗಾಲಿನ ಹಸಿರು,
ಮದರಾಸಿನವರಿಗೆ ಇಂಗಳೀಕ,
ಬಾರಾಮಹಲಿಗೆ ಅರದಾಳದ ಹಳದಿ,
ಅಂದರೆ, ಇನ್ನೂ ತಕರಾರು.

ಗೆದ್ದ ಯುದ್ಧಕ್ಕೂ ಬಾಲ ಇರುತ್ತದೆ.
ವರ್ಷವರ್ಷ ಗೌರಿ ಹಬ್ಬದ ಹೊತ್ತಿಗೆ
ಎರಡು ಕಡೆಯ ವಕೀಲರು ಜಮಖಾನದ ಮೇಲೆ ಕೂತು
ಹನ್ನೆರಡು ದುರ್ಗ ಹಂಚಿಕೊಳ್ಳುತ್ತಾರೆ,
ತಟ್ಟೆಯ ಅಡಿಕೆ ಹಂಚಿಕೊಂಡ ಹಾಗೆ.
ಕೃಷ್ಣಗಿರಿ ನಮಗೆ. ಮರುವರ್ಷ ಅವರಿಗೆ.
ರಾಯಕೋಟೆ ಹಸಿರು; ತೊಳೆದು ಕೆಂಪು; ಮತ್ತೆ ಹಸಿರು;
ಬೇಡ, ಸದ್ಯಕ್ಕೆ ಹಳದಿ ಇರಲಿ.
ಆ ಜಾಗದಲ್ಲಿ ಕಾಗದ
ಮುದುಕನ ಮೊಣಕೈಯಂತೆ ಜಡ್ಡುಗಟ್ಟಿದೆ.

ಹೋದ ಬೇಸಿಗೆ ಬಂದಳು ಪಾಪಾತಿ,
ಕಾವೇರಿಪಟ್ಟಣದ ಕಡೆಯವಳು, ನಾಲ್ಕು ದಿನ ನಡೆದು,
ಸೆರಗಿನ ಗಂಟಿನಲ್ಲಿ ಬೆವರಿಗೆ ಮೆತ್ತಗಾದ ಅರ್ಜಿ.
ಕನ್ನಡ ತಮಿಳು ತೆಲುಗು ಮೂರನ್ನೂ ಕಲಸಿ ಹೇಳಿದಳು:
ಹೊಲ ನಿಮ್ಮದಂತೆ ಸ್ವಾಮಿ, ಬಾವಿ ಅವರದಂತೆ.
ಕಪಿಲೆಯ ಎತ್ತು ಮುಂದಕ್ಕೆ ಹೆಜ್ಜೆ ಇಟ್ಟರೆ ಸುಂಕ,
ಹಿಂದಕ್ಕಿಟ್ಟರೂ ಸುಂಕ.

ದಾರೋಗ ನಕ್ಕ: ಗೆದ್ದಿದ್ದೀವಲ್ಲಮ್ಮ, ಸಂತೋಷಪಡು.
ಯಾರು, ಎಂದಳು.
ಜಗಳದ ದನಿಯಲ್ಲ ಅದು,
ಗೊತ್ತಿಲ್ಲದ ಊರಲ್ಲಿ ದಾರಿ ಕೇಳುವವರ ದನಿ.

ನಾನು ನಕ್ಷೆ ಬಿಚ್ಚಿದೆ. ನನ್ನ ಬಾವಿ ಎಲ್ಲಿ, ಎಂದಳು.
ಅವಳ ಬಾವಿ ನನ್ನ ಕುಂಚದ ತುದಿಗಿಂತ ಸಣ್ಣದು.
ಅರದಾಳ ವಿಷ, ಮುಟ್ಟಬೇಡ ಅನ್ನುವಷ್ಟರಲ್ಲಿ
ಮುಟ್ಟಿಬಿಟ್ಟಿದ್ದಳು, ತೂಗುವ ತೊಟ್ಟಿಲನ್ನು ನಿಲ್ಲಿಸುವಂತೆ,
ಒಂದೇ ಬೆರಳಲ್ಲಿ.

ದೀಪ ಹಚ್ಚಿದ ಮೇಲೆ ಅಲ್ಲೊಂದು ಸಾಸಿವೆಯಷ್ಟು ಹಳದಿ ಕೆರೆದು
ಬರೀ ಕಾಗದ ಬಿಟ್ಟೆ.
ಮೂರು ವಾರಕ್ಕೆ ಸಿಕ್ಕಿಬಿದ್ದೆ.
ಹುಳ ತಿಂದಿರಬೇಕು ಹುಜೂರ್, ಅಂದೆ.
ಹುಳಕ್ಕೆ ಒಂದು ತಿಂಗಳ ಸಂಬಳ ಜುಲ್ಮಾನೆ ಬಿತ್ತು.
ನಾನೇ ಮತ್ತೆ ಹಳದಿ ತುಂಬಿದೆ. ಏನು ಮಾಡಲಿ,
ಅದಕ್ಕೇ ಅಲ್ಲವೆ ನನಗೆ ಸಂಬಳ.

ಈಗ ಸಂಜೆ ಸಿದ್ದಿಕಟ್ಟೆಯಲ್ಲಿ ಕೈ ತೊಳೆಯುತ್ತೇನೆ.
ಹಸಿರು ಹೋಗುತ್ತದೆ. ಕೆಂಪೂ, ಸ್ವಲ್ಪ ತಿಕ್ಕಿದರೆ.
ಉಗುರ ಸಂದಿಯದು ಮಾತ್ರ ಉಳಿದಿರುತ್ತದೆ
ಮುದ್ದೆಗೆ ಕೈ ಇಡುವಾಗಲೂ.
ಅರಿಸಿನವೆಂದುಕೊಂಡು ಕೇಳುತ್ತಾಳೆ ನನ್ನವಳು:
ಯಾರ ಮದುವೆಗೆ ಹೋಗಿದ್ದೆ, ನನ್ನ ಬಿಟ್ಟು?