ಜಾರಿದ ಸ್ವರ

ಟಕೊರಾಡಿಯ ಮಾರ್ಕೆಟ್ ವೃತ್ತದ ಹಿಂದೆ
ರೇಡಿಯೋ ರಿಪೇರಿ ನನ್ನದು. ನಿನ್ನೆ
ಹತ್ತೊಂಬತ್ತರ ಹುಡುಗನೊಬ್ಬ ಬಂದು
ಎಪ್ಪತ್ತೆರಡರ ಹೈಲೈಫ್ ರೆಕಾರ್ಡು ಇದೆಯಾ ಅಂದ.

ಇತ್ತು. ಮೂವತ್ತು ವರ್ಷ
ಅದರ ಮೇಲೆಯೇ ಬೆಸುಗೆ ಕಡ್ಡಿ ಇಡುತ್ತಿದ್ದೆ.

ಸೂಜಿ ಇಳಿಸಿದೆ. ಮೊದಲು ಬಂದದ್ದು ಚರಚರ,
ಎಣ್ಣೆಗೆ ಬಿದ್ದ ಮೀನಿನ ಹಾಗೆ.
ಒರೆಸಲು ಬಟ್ಟೆ ಹುಡುಕಿದರೆ
'ಬೇಡಜ್ಜ, ಅದೇ ಬೇಕಾದ್ದು' ಅಂದ.

ಆಮೇಲೆ ಎಸ್ಸುಮನ್ ಊದಿದ ಟ್ರಂಪೆಟ್.
ಎರಡನೇ ಸುತ್ತಿನಲ್ಲಿ ಒಂದು ಸ್ವರ ಜಾರುತ್ತದೆ:
ಹಲ್ಲುನೋವು ಅವತ್ತು ಅವನಿಗೆ,
ಮತ್ತೊಮ್ಮೆ ನುಡಿಸೋಣವೆಂದರೆ
ಸ್ಟುಡಿಯೋ ಬಾಡಿಗೆಗೆ ದುಡ್ಡಿಲ್ಲ.
ಸಾಯುವ ತನಕ ನಾಚಿಕೊಂಡ ಅದಕ್ಕೆ.
ಹುಡುಗ ಸರಿಯಾಗಿ ಅಲ್ಲಿಗೇ
ಮೂರು ಸಲ ಸೂಜಿ ಇಟ್ಟ.

ನನ್ನ ಮಗಳು ಅರಾಬಾ ಈ ಹಾಡಿಗೆ ಕಿವಿ ಮುಚ್ಚುತ್ತಿದ್ದಳು.
ನಾನು ಕುಣಿದದ್ದನ್ನು ಕಂಡವಳು ಅವಳು;
ಬೆವರಿದ ಬನಿಯನ್ನು, ಅವಳಮ್ಮನ ಗೊಣಗು,
ಎಲ್ಲ ಸೇರಿಯೇ ಕೇಳಿಸುತ್ತಿತ್ತು ಅವಳಿಗೆ.
ಈ ಹುಡುಗ ಏನನ್ನೂ ಕಂಡಿಲ್ಲ,
ಕರ್ಫ್ಯೂ ಬಂದು ಕ್ಲಬ್ಬಿಗೆ ಬೀಗ ಬಿದ್ದದ್ದು,
ನಾವು ಡ್ರಮ್ಮು ಮಾರಿ ಜೋಳ ತಂದದ್ದು.

ಬಂದರಿನಲ್ಲಿ ಮೂಟೆಮೂಟೆ ಇಳಿಯುತ್ತದಲ್ಲ
'ಸತ್ತ ಬಿಳಿಯನ ಬಟ್ಟೆ' ಎಂದು ನಾವು ಕರೆಯುವುದು,
ಹಾಗೆಯೇ ಇದೂ: ಸತ್ತವನ ಗುರುತಿಲ್ಲದಿದ್ದರೆ
ತೋಳು ತೂರಿಸಲು ಅಂಜಿಕೆಯಿಲ್ಲ.
ಗುರುತಿದ್ದವರಿಗೆ ಮಾತ್ರ
ಕಂಕುಳಲ್ಲಿ ಬಿಗಿಯುತ್ತದೆ.

ದುಡ್ಡು ಎಣಿಸಿ ಕೊಟ್ಟ.
ರೆಕಾರ್ಡನ್ನು ಎದೆಗವಚಿ, ಬಾಗಿಲಲ್ಲಿ ನಿಂತು ಕೇಳಿದ:
'ಆಗ ನೀವೆಲ್ಲ ತುಂಬ ಖುಷಿಯಾಗಿದ್ದಿರಿ, ಅಲ್ವಾ?'

ಬೆಸುಗೆ ಕಡ್ಡಿ ಕಾಯಲಿಟ್ಟೆ. ಈಗ ಅದನ್ನಿಡಲು
ಮೇಜಿನ ಮೇಲೆ ಜಾಗ ಹುಡುಕಬೇಕು.

ಹಲ್ಲುನೋವಿತ್ತಪ್ಪ, ಅಂದೆ.