ಎರಡು ಸುತ್ತು ಕೈಲೆ

ಮೀಟರ್ ನಿಂತು ವರ್ಷಾತು,
ಅರವತ್ತೆಂಟು ಸಾವಿರದ ನಾನೂರಾ ಹನ್ನೆರಡಕ್ಕ.
ಗಾಡಿ ನಿಂತಿಲ್ಲ.
ಸೇಡಂ ಸಿಮೆಂಟ್ ಫ್ಯಾಕ್ಟರಿಗೆ ರಾತ್ರಿ ಪಾಳಿ ಮಂದಿ ಒಯ್ದು
ಮುಂಜಾನೆ ಬೂದಿಬಡಕರಂಗ ಇಳಿಸಿಕೊಂಡು ಬರ್ತದ.

‘ಎಷ್ಟು ಓಡ್ಯಾದ?’ ಅಂದ ಲಾಡ್ಲೇಸಾಬ,
ಹುಮನಾಬಾದ್ ರಿಂಗ್ ರೋಡಿನ ಗ್ಯಾರೇಜಿನಾಗ,
ಚಾದ ಬಶಿ ಊದಿಕೋತ.
ಇವರು ಆಕಾಶ ನೋಡಿದರು.
ನಾನು ಚೀಲದಾಗಿಂದ ಮಗಳ ಹಳೇ ಗಣಿತದ ನೋಟಬುಕ್ ತೆಗೆದೆ.
ಹಿಂದಿನ ಹಾಳಿಗಳಾಗ ನನ್ನ ಅಕ್ಷರ:
ಸೋಮವಾರ ಹತ್ತು ಲೀಟರ್, ಬುಧವಾರ ಎಂಟು,
ಹಬ್ಬದ ದಿನ ಉದ್ರಿ.
ಕೂಡಿಸಿದರ ಎರಡು ಸಾವಿರದ ಐವತ್ತು.
ಲೀಟರಿಗೆ ಹದಿನಾರು ಹಿಡಿದರ,
ನಿಂತ ಮೀಟರಿಗೆ ಹೊಂದಿಸಿದರ,
ಲಕ್ಷ ದಾಟಿ ಸಾವಿರದ ಇನ್ನೂರಾ ಹನ್ನೆರಡು.

ಬಶಿ ತೆಳಗಿಟ್ಟ.
‘ಲಕ್ಷಕ್ಕ ಬದಲಿಸು ಅಂತ ಪುಸ್ತಕದಾಗ ಬರದಾರ, ಅಕ್ಕಾ.
ಬರದವರು ನಮ್ಮ ಮೇ ತಿಂಗಳಾಗ ಬಾನೆಟ್ ಮುಟ್ಟಿಲ್ಲ.
ಇಲ್ಲಿ ಎಂಬತ್ತಕ್ಕೇ ತೆಗಿ ಅಂತೀನಿ ನಾ, ಇಲ್ಲಾ ಐದು ವರ್ಷಕ್ಕ,
ಯಾವುದು ಮೊದಲು ಬರ್ತದೋ ಅದು.’

‘ಸಪ್ಪಳಾನೇ ಇಲ್ಲಲ್ಲ ಉಸ್ತಾದ್,’ ಅಂದರು ಇವರು.
‘ಚೈನ್ ಆದ್ರ ಒದರತದ. ರಬ್ಬರ್ ಒದರಂಗಿಲ್ಲ.
ಹರಿಯೋ ದಿನಾನೂ ಚಂದಾಗೇ ಓಡ್ತದ.
ಹರೀತು ಅಂದ್ರ ವಾಲ್ವ್, ಪಿಸ್ಟನ್ ಮುಖಾಮುಖಿ.
ಆಮ್ಯಾಲ ನನ್ನ ಕಡಿ ಬರಬ್ಯಾಡ್ರಿ, ಗುಜರಿಯವನ ಕಡಿ ಹೋಗ್ರಿ.’

ಬ್ಯಾಟರಿ ತಂತಿ ಬಿಚ್ಚಿದ. ಕವರ್ ತೆಗೆದ.
ತೆಳಗಿನ ಗಾಲಿ, ಮ್ಯಾಲಿನ ಗಾಲಿ
ಗುರ್ತಿಗೆ ಗುರ್ತು ತಂದು ನಿಲ್ಲಿಸಿದ.
ಗುರ್ತಿನ ಮ್ಯಾಲ ಹಚ್ಚೋ ಬಿಳಿ ಬಣ್ಣ
ಡಬ್ಬಿಯಾಗೇ ಒಣಗಿ ಕಲ್ಲಾಗಿತ್ತು.
ನನ್ನ ಚೀಲದಾಗ ಮಗಳ ನೇಲ್ ಪಾಲಿಶ್ ಇತ್ತು, ಕೆಂಪಂದು,
ಸಾಲಿಗೆ ಒಯ್ಯಬಾರದು ಅಂತ ನಿನ್ನೆ ಕಸಗೊಂಡಿದ್ದು.
ಮ್ಯಾಲೊಂದು ಚುಕ್ಕಿ. ತೆಳಗೊಂದು ಚುಕ್ಕಿ.

ಬಿಗಿ ಸಡಲಿಸಿ ಹಳೇದನ್ನ ಎಳದ.
ನೋಡಾಕ ನೆಟ್ಟಗೇ ಇತ್ತು. ಇವರ ಮುಖ ಅರಳಿತು.
ಅವ ಅದನ್ನ ಉಲ್ಟಾ ಬಗ್ಗಿಸಿದ:
ಹಲ್ಲು ಹಲ್ಲಿನ ಬುಡಕ್ಕ ಕೂದಲೆಳಿಯಂಥ ಬಿರುಕು,
ಎಣಿಸಾಕ ಹೋಗಿ ನಡುವ ಬಿಟ್ಟೆ.

‘ಹೊಸಾದನ್ನ ಹಾಂಗ ಬಗ್ಗಿಸಬಾರದು,
ತಿರುವಬಾರದು, ಎಣ್ಣಿ ಕೈಲೆ ಮುಟ್ಟಬಾರದು.
ಬಿಗಿಸೋ ಗಾಲಿ ಹೊಸಾದು ಬೇಕು, ನೀರಿನ ಪಂಪೂ ಬೇಕು.’
‘ಪಂಪ್ ಛಲೋ ಅದಲ್ಲ!’
‘ಅದರ ಸಲುವಾಗಿ ಮತ್ತ ಇದನ್ನೆಲ್ಲ ಬಿಚ್ಚಬೇಕೇನು?’
ಇವರು ಜೇಬು ಮುಟ್ಟಿ ನೋಡಿಕೊಂಡರು.
ನಾನು ನೋಟಬುಕ್ಕಿನ ನಡುವಿನ ಹಾಳಿಯಿಂದ
ಮಡಿಚಿಟ್ಟ ನೋಟು ತೆಗೆದೆ.
ಇದು ಯಾವಾಗಿಂದು ಅಂತ ಇವರು ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಹೊಸಾದು ಕುಂತಿತು. ಇವರು ಚಾವಿಗೆ ಕೈ ಹಾಕಿದರು.
‘ತಡೀ!’
ಸ್ಪ್ಯಾನರ್ ಹಚ್ಚಿ ಮೆಲ್ಲಕ, ಕಣ್ಣು ಮುಚ್ಚಿಕೊಂಡು,
ಎರಡು ಸುತ್ತು ಕೈಲೇ ತಿರುಗಿಸಿದ.
ಎಲ್ಲೆರ ತಟ್ಟತದೇನು ಅಂತ ಮೊಣಕೈಲೆ ಕೇಳಿದಂಗ.
ರಸ್ತೆ ಮ್ಯಾಲ ಬ್ಯಾಳಿ ಮಿಲ್ಲಿನ ಲಾರಿ ಹೋಯ್ತು,
ಅದು ದಾಟೋ ತನಕ ಕೈ ಬಿಡಲಿಲ್ಲ.
ಚುಕ್ಕಿ ಮತ್ತ ತಮ್ಮ ತಮ್ಮ ಜಾಗಕ್ಕ ಬಂದು ನಿಂತವು.
‘ಈಗ ಹಚ್ಚು.’

ಕವರ್ ಹಾಕಿ ಮ್ಯಾಲ ತಾರೀಖು ಬರದ,
ನನ್ನ ಲೆಕ್ಕದ ಕಿಲೋಮೀಟರೂ ಬರದ, ಮೀಟರಿಂದಲ್ಲ.

ಮನಿ ಮುಟ್ಟೋದ್ರಾಗ ಕತ್ತಲಾಗಿತ್ತು.
ಹಳೇ ಬೆಲ್ಟಿಲೆ ಇವರು ನೀರಿನ ಡ್ರಮ್ಮಿನ ಮುಚ್ಚಳ ಬಿಗಿದರು.
ಶೀಶೆ ಮಗಳಿಗೆ ತಿರುಗಿ ಕೊಡೋಕ್ಕಿಂತ ಮೊದಲು
ಕಿರುಬೆರಳಿಗೆ ಒಂದೇ ಒಂದು ಹಚ್ಚಿಕೊಂಡೆ,
ಆರೋ ತನಕ ಗಾಳಿಗೆ ಹಿಡಿದು ಕುಂತೆ.